ಬಯಲಿಗೆ ತನ್ನಿ ಎಂದವರು

ಅವರ ಎಡಗೈಯ ಚರ್ಮ ಮೊಣಕೈವರೆಗೂ ನುಣ್ಣಗೆ ಮಿಂಚುತ್ತಿತ್ತು. ಕಿರುಬೆರಳು ಪಕ್ಕದ ಬೆರಳಿಗೆ ಅಂಟಿ ಎರಡೂ ಒಂದೇ ಆಗಿದ್ದವು. ಆ ಕೈಯಲ್ಲೇ ಡಬ್ಬಿಯಿಂದ ಬೋಲ್ಟು, ವಾಷರುಗಳನ್ನು ಆರಿಸಿ ಕೊಡುತ್ತಿದ್ದರು. ಹೊಸಬರು ಆ ಕೈ ನೋಡಿ ಕಣ್ಣು ತಪ್ಪಿಸಿದರೆ, "ಸುಟ್ಟಿದ್ದು, ಹಳೇದು" ಎಂದಷ್ಟೇ ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದರು.

ಹೊಸನಗರದ ಬಸ್ ನಿಲ್ದಾಣದ ಹಿಂದೆ ಅವರದು ವಾಹನಗಳ ಬಿಡಿಭಾಗ ಮಾರುವ ಸಣ್ಣ ಅಂಗಡಿ. ಮೆಕ್ಯಾನಿಕ್ ಆಗಿದ್ದ ಗಂಡ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಊರಿಗೆಲ್ಲ ಅವರು ಅಂಗಡಿ ಅಕ್ಕ. ನಾನು ಪಶುವೈದ್ಯೆಯಾಗಿ ಅಲ್ಲಿಗೆ ವರ್ಗವಾಗಿ ಬಂದವಳು. ದಿನವೂ ಹಳ್ಳಿ ತಿರುಗುವ ನನ್ನ ಹಳೆಯ ಪೆಟ್ರೋಲ್ ಕಾರು ತಿಂಗಳಿಗೊಮ್ಮೆ ಏನಾದರೊಂದು ಬೇಡುತ್ತಿದ್ದುದರಿಂದ ಪರಿಚಯ ಬೇಗ ಬೆಳೆಯಿತು.

ಬಲ್ಬು, ಬ್ರೇಕ್ ಪ್ಯಾಡ್ ಕೇಳಿದರೆ ಅಕ್ಕ ಮಾತಿಲ್ಲದೆ ಕೊಡುತ್ತಿದ್ದರು. ಪೆಟ್ರೋಲ್ ಪಂಪು ಕೇಳಿದರೆ ಮಾತ್ರ ಪ್ರಶ್ನೆಗಳು ಶುರು. "ಹಾಕೋರು ಯಾರು? ಒಳಗೋ, ಬಯಲಲ್ಲೋ? ಬ್ಯಾಟರಿ ವೈರು ಮೊದ್ಲೇ ಬಿಚ್ತಾನಾ?" ಅರ್ಜೆಂಟ್ ಅಂದವರಿಗೆ ಕೊಡುತ್ತಲೇ ಇರಲಿಲ್ಲ. "ಅರ್ಜೆಂಟ್ ಇದ್ರೆ ಬಸ್ಸಿಗೆ ಹೋಗಿ. ಇದನ್ನ ನಾಳೆ ಹಾಕ್ಸಿ." ಅಂಥವರು ಗೊಣಗುತ್ತ ತೀರ್ಥಹಳ್ಳಿಗೆ ಹೋಗಿ ತರುತ್ತಿದ್ದರು. ಒಮ್ಮೆ ನಾನು ಕಾರಿನ ಕೀಯನ್ನು ಅವರ ಮೇಜಿನ ಮೇಲೆ ಮರೆತು ಬಂದಿದ್ದೆ. ವಾಪಸ್ ಹೋದಾಗ ಅದರ ಮೇಲೆ ದಿನಪತ್ರಿಕೆ ಮುಚ್ಚಿಟ್ಟಿದ್ದರು. "ನೀವೇ ತಗೊಳ್ಳಿ ಡಾಕ್ಟ್ರೇ" ಎಂದರು. ನನಗೆ ವಿಚಿತ್ರವೆನಿಸಿತು, ಕೇಳಲಿಲ್ಲ.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ನನ್ನ ಕಾರಿನ ಪಂಪು ಕೆಟ್ಟಿತು. ಅಕ್ಕನ ಪ್ರಶ್ನೆಗಳಿಗೆಲ್ಲ ಹೂಂಗುಟ್ಟಿ ಹೊಸದನ್ನು ತಂದು ಅದೇ ರಸ್ತೆಯ ಮೆಕ್ಯಾನಿಕ್‌ಗೆ ಕೊಟ್ಟೆ. ಕೆಲಸ ಬಲ್ಲವನೇ. ಹಿಂದಿನ ಸೀಟು ಎತ್ತಿ, ಅದರಡಿಯ ಮುಚ್ಚಳ ತೆಗೆದು, ಟ್ಯಾಂಕಿನಿಂದ ಹಳೆಯ ಪಂಪು ಎಳೆದು ಹೊಸದನ್ನು ಕೂರಿಸಿದ. ಕಾರು ಸ್ಟಾರ್ಟ್ ಆಗಲಿಲ್ಲ. ಇಂಜಿನ್ ತಿರುಗುತ್ತಿತ್ತು, ಹಿಡಿಯುತ್ತಿರಲಿಲ್ಲ. ಕೀ ತಿರುಗಿಸಿದೊಡನೆ ಹಿಂದಿನಿಂದ ಬರಬೇಕಾದ ಪಂಪಿನ ಗುಂಯ್ ಎಂಬ ಸದ್ದೇ ಇಲ್ಲ. ಫ್ಯೂಸ್ ಬದಲಿಸಿದ, ಆಗಲೂ ಇಲ್ಲ. ಅಷ್ಟರಲ್ಲಿ ಎರಚಲು ಹೊಡೆಯತೊಡಗಿ, ಶೆಡ್ಡಿನ ಶಟರನ್ನು ಮುಕ್ಕಾಲು ಎಳೆದ. ಹಳ್ಳಿಯೊಂದರಲ್ಲಿ ಕರು ಹಾಕಲಾಗದೆ ಹಸುವೊಂದು ಒದ್ದಾಡುತ್ತಿತ್ತು, ಮನೆಯವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಅವಸರ ಮಾಡಿದವಳು ನಾನೇ.

"ಪಂಪೇ ಸರಿ ಇಲ್ಲ ಅನ್ಸುತ್ತೆ. ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿಬಿಡಣ" ಎಂದು ಆತ ಎರಡು ವೈರು ಎತ್ತಿಕೊಂಡ. ಪಂಪು ಬದಲಿಸಿ ಕೊಡುತ್ತೀರಾ ಎಂದು ಕೇಳಲು ನಾನು ಅಕ್ಕನಿಗೆ ಫೋನ್ ಮಾಡಿದೆ.

"ಈಗ ಎಂತ ಮಾಡ್ತಿದಾನೆ ಅವ್ನು?" ಎಂದರು.

"ಬ್ಯಾಟರಿಯಿಂದ ವೈರು ಎಳೀತಿದಾನೆ."

"ಶಟರ್?"

"ಎರಚಲು ಅಂತ ಹಾಕಿದಾನೆ."

ಯಾವತ್ತೂ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದವರು, "ವೈರು ಬಿಡು ಅನ್ನು ಅವನಿಗೆ. ನೀನು ಹೊರಗೆ ಬಾ. ನಾ ಬರೋವರೆಗೆ ಏನೂ ಮುಟ್ಬೇಡಿ" ಎಂದರು.

ಛತ್ರಿಯಿಲ್ಲದೆ, ಅಂಗಡಿಯನ್ನು ಹಾಗೇ ಬಿಟ್ಟು ಓಡಿಬಂದಿದ್ದರು. ಅರವತ್ತರ ಹತ್ತಿರದ ಹೆಂಗಸು. "ಬಯಲಿಗೆ ತನ್ನಿ" ಎಂದು ತಾವೂ ಕೈ ಹಚ್ಚಿದರು. ಮೂವರೂ ಕಾರನ್ನು ತಳ್ಳಿ, ಎದುರಿನ ತಗಡಿನ ಚಪ್ಪರದಡಿ ಗಾಳಿಯಾಡುವಲ್ಲಿ ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದೆವು.

"ಅಕ್ಕ, ನಾ ಎಷ್ಟೋ ಗಾಡಿಗೆ ಹಿಂಗೇ ಮಾಡಿದೀನಿ" ಎಂದ ಮೆಕ್ಯಾನಿಕ್, ಬೇಸರದಿಂದ.

"ಮಾಡಿರ್ತೀಯ. ನಮ್ಮನೆಯವರೂ ಮಾಡಿದ್ರು. ಬಟ್ಟೆ ತಗೊಂಡು ಟ್ಯಾಂಕಿನ ಮೇಲೆ ಒರೆಸು."

ಆತ ಕೈ ಇಳಿಸಿ ಒರೆಸಿದ. ಹಳೆಯ ಪಂಪು ಎಳೆಯುವಾಗ ಚೆಲ್ಲಿದ್ದ ಪೆಟ್ರೋಲು ಟ್ಯಾಂಕಿನ ಮೇಲಿನ ತಗ್ಗಿನಲ್ಲಿ ನಿಂತಿತ್ತು. ಬಟ್ಟೆ ತೊಟ್ಟಿಕ್ಕುತ್ತ ಮೇಲೆ ಬಂತು. ಅದನ್ನು ನೋಡಿ ಆತ ಇನ್ನೊಂದು ಬಟ್ಟೆ ತಂದು ಮತ್ತೆ ಒರೆಸಿದ.

ಪೆಟ್ರೋಲಿನ ಆವಿ ಹೋಗಲೆಂದು ಒಂದು ಗಂಟೆ ಹಾಗೇ ಬಿಟ್ಟೆವು. ಆಮೇಲೆ ಪಂಪಿನ ವೈರು ಸೇರುವ ಕಡೆ ಬಿಚ್ಚಿ ನೋಡಿದರೆ ಒಂದು ಪಿನ್ನು ಒಳಕ್ಕೆ ಸರಿದಿತ್ತು. ಅಷ್ಟೇ. ಅದನ್ನು ಸರಿಮಾಡಿ ಜೋಡಿಸಿದ. ನಾನು ಕೀಗೆ ಕೈ ಹಾಕುವಾಗ ಅಕ್ಕ ರಸ್ತೆ ದಾಟಿ, ನಮಗೆ ಬೆನ್ನು ಮಾಡಿ, ಎರಡೂ ಕಿವಿ ಮುಚ್ಚಿಕೊಂಡು ನಿಂತರು. ಕಾರು ಸ್ಟಾರ್ಟ್ ಆಯಿತು.

ನಾನು ತಲುಪುವಷ್ಟರಲ್ಲಿ ತಡವಾಗಿತ್ತು. ಹಸು ಉಳಿಯಿತು, ಕರು ಉಳಿಯಲಿಲ್ಲ.

ಮಾರನೆಯ ದಿನ ಅಂಗಡಿಗೆ ಹೋಗಿ ಅದನ್ನೂ ಹೇಳಿದೆ. ಅಕ್ಕ ತಾವಾಗಿಯೇ ಬಾಯಿ ಬಿಟ್ಟರು. ಸಿಗಂದೂರಿಗೆ ಹೊರಟಿದ್ದವರ ವ್ಯಾನೊಂದು ಕೆಟ್ಟು ಇವರ ಶೆಡ್ಡಿಗೆ ಬಂದಿತ್ತು. ಗಂಡ ಹೊಸ ಪಂಪು ಹಾಕಿದರು. ಸ್ಟಾರ್ಟ್ ಆಗಲಿಲ್ಲ. ಹಿನ್ನೀರು ದಾಟುವ ಲಾಂಚ್ ತಪ್ಪುತ್ತದೆ ಎಂದು ಗಡಿಬಿಡಿ ಮಾಡಿ ವ್ಯಾನಿನವರು ಚಹಾ ಕುಡಿಯಲು ಹೋಗಿದ್ದರು. ಗಂಡ ಶೆಡ್ಡಿನೊಳಗೆ ವೈರು ಹಿಡಿದು ಕೂತು, ಕೀ ತಿರುಗಿಸಲು ಹೆಂಡತಿಯನ್ನು ಕರೆದರು.

"ಗುಂಯ್ ಅಂತು ಡಾಕ್ಟ್ರೇ. ಸರಿಯಾಯ್ತು ಅಂತ ನಾನು ನಕ್ಕೆ. ನಗ್ತಾ ಇರೋವಾಗ್ಲೇ ಹೊತ್ಕೊಂಡಿದ್ದು."

ಗೋಣಿಚೀಲ ಹಿಡಿದು ಬೆಂಕಿಗೆ ನುಗ್ಗಿದ್ದು ಆಮೇಲೆ. ಗಂಡ ಮೂರನೆಯ ದಿನ ಹೋದರು.

"ನಿಂದೇನೂ ತಪ್ಪಿಲ್ಲ ಅಂದಿದ್ರು. ಆ ಮಾತು ನೆನಪಿದೆ. ಕೇಳ್ಸೋದು ಮಾತ್ರ ಆ ಸದ್ದೇ. ಮನೇಲಿ ಫ್ರಿಜ್ ಶುರುವಾದ್ರೂ ಎದೆ ಹಾರ್ತದೆ. ಕೀ ತಿರುಗ್ಸಿದ್ದು ನಾನು ಅಂತ ಅವರೂ ಯಾರಿಗೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಯಾರೋ ಬಲ್ಬು ಕೇಳಿಕೊಂಡು ಬಂದರು. ಅಕ್ಕ ಎದ್ದು ಹೋಗಿ ಡಬ್ಬಿ ಹುಡುಕತೊಡಗಿದರು. ನಾನು ಹೊರಟು ಬಂದೆ. ಮತ್ತೆ ಆ ಮಾತು ನಾವಿಬ್ಬರೂ ಎತ್ತಲಿಲ್ಲ.

ಹೋದ ವರ್ಷ ಅಕ್ಕ ಕಿಡ್ನಿ ಕೈಕೊಟ್ಟು, ಸಾಗರದಲ್ಲಿ ತಂಗಿಯ ಮನೆಯಲ್ಲಿ ತೀರಿಕೊಂಡರು. ನಾನೂ ಆ ಮೆಕ್ಯಾನಿಕ್ಕೂ ಒಟ್ಟಿಗೇ ಹೋದೆವು. ಅರ್ಧ ದಾರಿ ಕಳೆದ ಮೇಲೆ ಆತ, "ನಂಗೆ ಇಬ್ರು ಮಕ್ಳು ಡಾಕ್ಟ್ರೇ" ಎಂದು ಕಿಟಕಿಯ ಕಡೆ ತಿರುಗಿದ.

ಅಂಗಳದಲ್ಲಿ ಸೇರಿದ್ದವರು ಗಂಡನನ್ನು ಉಳಿಸಲು ಬೆಂಕಿಗೆ ಹಾರಿದವಳು ಎಂದು ಅಕ್ಕನನ್ನು ಕೊಂಡಾಡುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೊರಡುವಾಗ ತಂಗಿ ನನ್ನ ಜೊತೆ ಗೇಟಿನವರೆಗೆ ಬಂದರು.

"ಅವತ್ತು ಆ ಶೆಡ್ಡಲ್ಲಿ ಎಂತ ಆಯ್ತು ಅಂತ ಅವಳು ಕೊನೆವರೆಗೂ ಬಾಯಿ ಬಿಡ್ಲಿಲ್ಲ. ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ?"

"ಇಲ್ಲ" ಎಂದೆ.

"ಯಾರ ಹತ್ರಾದ್ರೂ ಹೇಳ್ಕೊಂಡಿದ್ರೆ ಹಗುರಾಗ್ತಿದ್ಲು" ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೇಳಿಕೊಂಡಿದ್ದರು. ಹಗುರಾಯಿತೇ ಎಂದು ನಾನು ಒಂದು ದಿನವೂ ಕೇಳಲಿಲ್ಲ.