ಇನ್ನೂರು ಎಂದು ಒತ್ತಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಆಸ್ಪತ್ರೆಯೊಂದರಲ್ಲಿ ರೋಗಿಗಳ ದಾಖಲೆಯ ಡೇಟಾಬೇಸ್ ನೋಡಿಕೊಳ್ಳುವವರು. ಹದಿನೆಂಟು ವರ್ಷದ ಸರ್ವಿಸ್. ಬೀಗ ಹಾಕಿದ ಮೇಲೂ ಮೂರು ಸಲ ಎಳೆದು ನೋಡುವ ಪುಕ್ಕಲು ಜೀವ, ಕೆಲಸದಲ್ಲೂ ಹಾಗೇ. ಅವರ ಕೈಕೆಳಗೇ ದುಡಿಯುವ ನಾನು ಅದನ್ನು ಆಡಿಕೊಂಡು ನಕ್ಕಿದ್ದಕ್ಕೆ ಲೆಕ್ಕವಿಲ್ಲ. ಆ ಮಂಗಳವಾರ ಮಾತ್ರ ನಗು ಬರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ವಾರ್ಡುಗಳ ಸ್ಕ್ರೀನುಗಳೆಲ್ಲ ತೆವಳತೊಡಗಿದವು. ಮೆಮೊರಿ ಸಾಲದು ಎಂದು ಸರ್ವರ್ ಗೋಗರೆಯುತ್ತಿತ್ತು. ಇಬ್ಬರೂ ಸರ್ವರ್ ಕೋಣೆಗೆ ಓಡಿದೆವು. ನೋಡಿದರೆ, ಇದ್ದ ಇನ್ನೂರೈವತ್ತಾರು ಜಿಬಿಯನ್ನೂ ಡೇಟಾಬೇಸ್ ಒಂದೇ ನುಂಗಿ ಕೂತಿದೆ. ಯಂತ್ರ ಉಸಿರಾಡುವುದಕ್ಕೂ ಏನೂ ಉಳಿಸಿಲ್ಲ. ಅದಕ್ಕೊಂದು ಮಿತಿ ಹಾಕಬೇಕಿತ್ತು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಚಿಕ್ಕಮ್ಮ ಅವಸರದಲ್ಲಿ ಇನ್ನೂರು ಎಂದು ಒತ್ತಿಬಿಟ್ಟರು.

ಆ ಖಾನೆ ಎಣಿಸುವುದು ಜಿಬಿಯಲ್ಲಲ್ಲ, ಎಂಬಿಯಲ್ಲಿ. ಒಂದು ಜಿಬಿಗೆ ಸಾವಿರದ ಇಪ್ಪತ್ನಾಲ್ಕು ಎಂಬಿ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ತೆವಳುತ್ತಿದ್ದದ್ದು ಪೂರ್ತಿ ನಿಂತಿತು.

ಆಪರೇಷನ್ ಥಿಯೇಟರಿನಿಂದ ನರ್ಸ್ ಫೋನು.

"ಮೇಡಂ, ಪೇಷಂಟ್‌ಗೆ ಪ್ರಜ್ಞೆ ಇಲ್ಲ, ಕೇಳೋ ಹಾಗಿಲ್ಲ. ಯಾವ ಔಷಧಿ ಆಗಲ್ಲ ಅಂತ ಸ್ಕ್ರೀನಲ್ಲೇ ನೋಡ್ಬೇಕು. ಡಾಕ್ಟರು ಹತ್ತು ನಿಮಿಷ ಕಾಯ್ತಾರಂತೆ. ಆಮೇಲೆ ಆಗಲ್ಲ."

ಚಿಕ್ಕಮ್ಮ ಗಡಿಯಾರ ನೋಡಿದರು.

ಒಬ್ಬರನ್ನು ಮಾತ್ರ ಒಳಗೆ ಬಿಡುವ ಹಾಗೆ ಡೇಟಾಬೇಸನ್ನು ಮತ್ತೆ ಶುರುಮಾಡಿ, ನಾವೇ ಒಳಹೊಕ್ಕು ಅಂಕಿ ತಿದ್ದಬೇಕು. ಇದ್ದದ್ದು ಅದೊಂದೇ ದಾರಿ. ಚಿಕ್ಕಮ್ಮ ಶುರುಮಾಡಿದರು. ಆದರೆ ನೋಂದಣಿ ಕೌಂಟರಿನ ಪ್ರೋಗ್ರಾಂ ನಮಗಿಂತ ಮೊದಲೇ ನುಗ್ಗಿ, ಇದ್ದ ಒಂದು ಜಾಗವನ್ನೂ ಹಿಡಿದುಬಿಟ್ಟಿತು. ಎರಡನೇ ಸಲವೂ ಅದೇ ಕಥೆ. ಆರು ನಿಮಿಷ ಕಳೆದಿತ್ತು.

"ನೆಟ್‌ವರ್ಕ್ ವೈರ್ ಕಿತ್ತಾಕೇ!" ಎಂದು ಚಿಕ್ಕಮ್ಮ ಕಿರುಚಿದರು.

ನಾನು ಸರ್ವರ್ ಹಿಂದೆ ನುಸುಳಿ ಕಿತ್ತೆ. ಈ ಸಲ ಒಳಹೋದವರು ನಾವೇ. ಆದರೆ ಚಿಕ್ಕಮ್ಮ ಕೀಬೋರ್ಡನ್ನು ನನ್ನತ್ತ ತಳ್ಳಿದರು.

"ನನ್ ಕೈಲಾಗಲ್ಲ, ನೀನೇ ಒತ್ತು ಪುಟ್ಟಿ. ಒಂದೊಂದೇ ಅಂಕಿ, ಬಾಯ್ಬಿಟ್ಟು ಹೇಳ್ಕೊಂಡು."

"ಎರಡು. ಸೊನ್ನೆ. ನಾಲ್ಕು. ಎಂಟು. ಸೊನ್ನೆ. ಸೊನ್ನೆ."

"ಇನ್ನೊಂದ್ಸಲ ಓದು."

ಓದಿದೆ. ಡೇಟಾಬೇಸನ್ನು ಎಂದಿನಂತೆ ಶುರುಮಾಡಿ ವೈರ್ ಸಿಕ್ಕಿಸಿದೆವು. ಸ್ಕ್ರೀನುಗಳು ಒಂದೊಂದಾಗಿ ಎದ್ದವು.

ಸ್ವಲ್ಪ ಹೊತ್ತಿಗೆ ಮತ್ತೆ ನರ್ಸ್ ಫೋನು ಬಂತು.

"ಸ್ಕ್ರೀನ್ ಬಂತು ಮೇಡಂ. ಸಿರಿಂಜಿಗೆ ತುಂಬಿಸಿಟ್ಟಿದ್ದ ಔಷಧೀನೇ ಇವರಿಗೆ ಆಗಲ್ವಂತೆ. ಬೇರೆ ಕೊಟ್ರು. ನೀವಿಲ್ದಿದ್ರೆ ಏನ್ ಗತಿಯಾಗ್ತಿತ್ತೋ, ತುಂಬಾ ಥ್ಯಾಂಕ್ಸ್."

ಚಿಕ್ಕಮ್ಮ ಎರಡೂ ಕೈಯಲ್ಲಿ ಫೋನು ಹಿಡಿದಿದ್ದರು.

"ಥ್ಯಾಂಕ್ಸ್ ಹೇಳ್ಬೇಡಮ್ಮಾ," ಎಂದರು. "ನಿಲ್ಸಿದ್ದೂ ನಾನೇ."