ಕಿವಿಗೆ ಹೆಡ್‌ಫೋನು, ವೈರು ಜೇಬಿಗೆ

ಮುಖ್ಯರಸ್ತೆಯ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಊರವರಿಗೆ ಹಲ್ಲು ಕಟ್ಟುತ್ತಿರುವ ಹೆಂಗಸಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಹಲ್ಲಕ್ಕ. ಪ್ಲಾಸ್ಟರಿನ ಅಚ್ಚು, ಮೇಣದ ಒಸಡು, ಗಿರ್ರೆಂದು ತಿರುಗುವ ಸಾಣೆ. ಅವಳ ಪ್ರಪಂಚ ಇಷ್ಟೇ ಎಂದು ಊರು ನಂಬಿತ್ತು. ಜನರ ಬಾಯಿಗೆ ಬಿದ್ದೂ ಮರ್ಯಾದೆಯಿಂದ ಬದುಕುವವಳು ತಾನೊಬ್ಬಳೇ ಎಂದು ಅವಳೇ ನಗುತ್ತಿದ್ದಳು.

ಮನೆಗೆ ಬಂದರೆ ಅವಳು ಫುಟ್‌ಬಾಲ್ ಆಡುತ್ತಿದ್ದಳು. ಟೀವಿಯ ಮುಂದೆ ಚಾಪೆ ಹಾಸಿ, ಎರಡು ಹೆಬ್ಬೆರಳುಗಳಲ್ಲಿ. ಒಂದೇ ಕೋಣೆಯ ಮನೆ. ರಾತ್ರಿಪಾಳಿಯ ನರ್ಸಾಗಿದ್ದ ಅಕ್ಕ ಸಂಜೆ ಏಳರ ತನಕ ಅಲ್ಲೇ ಮಲಗುತ್ತಿದ್ದಳು. "ಸದ್ದು ಬಂತೋ, ನಿನ್ನ ಆಟದ ಡಬ್ಬ ಕಿಟಕಿಯಿಂದ ಆಚೆ" ಎಂದು ಮೊದಲ ದಿನವೇ ಹೇಳಿದ್ದಳು. ಹಾಗಾಗಿ ಹಲ್ಲಕ್ಕ ಒಂಬತ್ತು ವರ್ಷ ಸದ್ದಡಗಿಸಿಯೇ ಆಡಿದಳು. ಪ್ರೇಕ್ಷಕರ ಕೂಗಿಲ್ಲ, ರೆಫರಿಯ ಸೀಟಿಯಿಲ್ಲ. ಚೆಂಡನ್ನೂ ಅವಳು ಅಷ್ಟಾಗಿ ನೋಡುತ್ತಿರಲಿಲ್ಲ. ಪರದೆಯ ಕೆಳಗೆ ಮೈದಾನದ ಪುಟ್ಟ ನಕ್ಷೆಯೊಂದಿರುತ್ತದೆ, ಆಟಗಾರರೆಲ್ಲ ಅದರಲ್ಲಿ ಚುಕ್ಕೆಗಳು. ಅವಳ ಕಣ್ಣು ಆ ಚುಕ್ಕೆಗಳ ಮೇಲೆ. ಹಲ್ಲಿನ ಸಾಲಿನಲ್ಲಿ ಸಂದು ಹುಡುಕಿ ಪಳಗಿದ ಕಣ್ಣು. ಎಲ್ಲಿ ಸಂದೋ ಅಲ್ಲಿಗೆ ಪಾಸು.

ಹೀಗೆ ಆಡುತ್ತಾಡುತ್ತಾ ಆನ್‌ಲೈನ್ ಸುತ್ತುಗಳಲ್ಲಿ ದೇಶಕ್ಕೇ ಎರಡನೆಯವಳಾಗಿ, ನಲವತ್ತಾರನೆಯ ವಯಸ್ಸಿನಲ್ಲಿ, ದೇಶದೇಶಗಳ ವಿಡಿಯೋ ಫುಟ್‌ಬಾಲ್ ಪಂದ್ಯಾವಳಿಗೆ ಹೋಗುವ ಮೂವರ ತಂಡ ಸೇರಿದಳು.

"ಈ ವಯಸ್ಸಲ್ಲಿ ಆಟ ಬೇಕಿತ್ತಾ?" ಎಂದಳು ಪಕ್ಕದ ಮನೆಯಾಕೆ.

"ಹಲ್ಲು ಉದುರೋ ಮುಂಚೆ ಆಡ್ಕೋತೀನಿ ಬಿಡಿ. ಉದುರಿದ್ರೂ ಕಟ್ಕೊಳ್ಳೋದು ಗೊತ್ತು."

ಫುಟ್‌ಬಾಲ್ ಸಂಘ ಈ ತಂಡಕ್ಕೆ ಕೊಟ್ಟ ಕೋಚು ನಿಜವಾದ ಮೈದಾನದಲ್ಲಿ ಮೂವತ್ತು ವರ್ಷ ಬೆವರು ಸುರಿಸಿದವರು. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಫೈಲು. ಆಟದ ಗುಂಡಿಗಳಿರುವ ಕಂಟ್ರೋಲರನ್ನು ಅವರು ಹಿಡಿದದ್ದು ಬೀಳ್ಕೊಡುಗೆಯ ಫೋಟೋದಲ್ಲಿ ಮಾತ್ರ, ಅದೂ ತಲೆಕೆಳಗಾಗಿ. ಪಂದ್ಯಾವಳಿಯ ನಿಯಮದಂತೆ ಆಟಗಾರರು ಹೆಡ್‌ಫೋನ್ ಧರಿಸಬೇಕು. ಕೋಚು ಹಿಂದಿನ ಮೇಜಿನಿಂದ ಮೈಕಿನಲ್ಲಿ ಸಲಹೆ ಕೊಡಬಹುದು. ಮೊದಲ ಪಂದ್ಯದಲ್ಲಿ ಇವರು ಸಲಹೆ ಕೊಡಲಿಲ್ಲ, ಸುರಿದರು.

"ಓಡು, ಓಡು. ಒದಿ ಮುಂದಕ್ಕೆ. ಸುಮ್ನೆ ಯಾಕೆ ನಿಂತೆ? ಪಾಸು, ಪಾಸು!"

ಸದ್ದು ಒಂದು ಕಡೆಗಿರಲಿ, ಅದಕ್ಕಿಂತ ದೊಡ್ಡ ಪೀಡೆ ಇನ್ನೊಂದಿತ್ತು. 'ಸ' ಬಂದಾಗಲೆಲ್ಲ ಕೋಚಿನ ಬಾಯಿಂದ ಸಣ್ಣದೊಂದು ಸಿಳ್ಳೆ ಹೊರಡುತ್ತಿತ್ತು. ಮೇಲಿನ ಹಲ್ಲುಸೆಟ್ಟು ಸಡಿಲ. ಬೇರೆ ಯಾರಿಗೂ ಕೇಳಿಸದ ಸಿಳ್ಳೆ, ಆದರೆ ಹಲ್ಲಕ್ಕನ ಕಿವಿಗೆ ಬೇರೇನೂ ಕೇಳಿಸದಂಥ ಸಿಳ್ಳೆ. ಪಾಸು ಎಂದಾಗಲೆಲ್ಲ ಅವಳ ಕಣ್ಣ ಮುಂದೆ ಚುಕ್ಕೆಗಳು ಹೋಗಿ ಅಂಗುಳ ಬರುತ್ತಿತ್ತು: ಎಡಗಡೆ ಒಂದು ಮಿಲಿಮೀಟರು ಗಾಳಿ, ಅಚ್ಚು ತೆಗೆಯುವಾಗ ಈ ಮನುಷ್ಯ ಅಲ್ಲಾಡಿದ್ದಾರೆ. ಅಷ್ಟರಲ್ಲಿ ನಾಲ್ಕು ಗೋಲು ಬಿದ್ದಿತ್ತು.

"ನಾನು ಹೇಳಿದ ಹಾಗೆ ಆಡಿಲ್ಲ ನೀನು" ಎಂದರು ಕೋಚು.

"ಹೇಳಿದ ಹಾಗೇ ಆಡಿದ್ದು ಸಾರ್. ಅದಕ್ಕೇ ನಾಲ್ಕು."

"ನೋಡಮ್ಮ, ನಾಳೆ ಸೋತ್ರೆ ನಿನ್ನ ಕುರ್ಚಿ ಅಧ್ಯಕ್ಷರ ಅಳಿಯಂಗೆ."

ಸಂಘದ ಅಧ್ಯಕ್ಷರ ಅಳಿಯ ಬದಲಿ ಆಟಗಾರನಾಗಿ ಬಂದಿದ್ದ. ವಿಮಾನದ ಕಿಟಕಿಯ ಸೀಟು ಸಿಕ್ಕಿತ್ತು, ಈಗ ಈ ಸೀಟೂ ಹತ್ತಿರ ಬರುತ್ತಿತ್ತು.

ಹಲ್ಲಕ್ಕ ಆ ಸಂಜೆ ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಹೆಡ್‌ಫೋನ್ ಧರಿಸಬೇಕು ಎಂದಿತ್ತು. ವೈರು ಸಿಕ್ಕಿಸಬೇಕು ಎಂದು ಎಲ್ಲೂ ಇರಲಿಲ್ಲ. ಮರುದಿನ ಹೆಡ್‌ಫೋನನ್ನು ಭಕ್ತಿಯಿಂದ ಕಿವಿಗೇರಿಸಿ, ವೈರಿನ ತುದಿಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟಳು. ಮೆತ್ತೆಗಳು ಕಿವಿಗೆ ಕೂತವು, ಸಭಾಂಗಣ ದೂರ ಸರಿಯಿತು, ಅಕ್ಕ ಮಲಗಿದ ಕೋಣೆ ಬಂದು ಸುತ್ತ ನಿಂತಿತು. ಮೂರು–ಒಂದು. ತಂಡ ಸೆಮಿಫೈನಲ್ ತಲುಪಿತು.

"ಒಂದೊಂದು ಪಾಸೂ ನಾನೇ ಕಿವೀಲಿ ಹೇಳಿದ್ದು" ಎಂದು ಕೋಚು ಪತ್ರಕರ್ತರಿಗೆ ವಿವರಿಸುತ್ತಿದ್ದರು. ಹಲ್ಲಕ್ಕ ಜೇಬಿನಿಂದ ವೈರು ಎಳೆದು ತುದಿಯನ್ನು ಅವರ ಮುಂದೆ ಹಿಡಿದಳು.

"ಇದರಲ್ಲಾ ಸಾರ್?"

ಕ್ಯಾಮೆರಾಗಳು ವೈರಿನ ಫೋಟೋ ತೆಗೆದವು.

ಒಂದು ಗಂಟೆಯಲ್ಲಿ ಕ್ಷಮಾಪಣೆ ಪತ್ರ ಟೈಪಾಗಿ ಬಂತು. ಸಹಿ ಹಾಕಿದರೆ ಕುರ್ಚಿ, ಇಲ್ಲದಿದ್ದರೆ ಬೆಂಚು. ಹಲ್ಲಕ್ಕ ಪತ್ರದ ಕೆಳಗೆ ದುಂಡಗೆ ಬರೆದಳು: 'ವೈರು ಜೇಬಿನಲ್ಲಿತ್ತು. ನಾಳೆಯೂ ಅಲ್ಲೇ ಇರುತ್ತದೆ.' ಬರೆದು ಬೆಂಚಿನ ಮೇಲೆ ಹೋಗಿ ಕೂತಳು.

ಅಳಿಯ ಕೋಚಿನ ಮಾತನ್ನು ಚಾಚೂತಪ್ಪದೆ ಪಾಲಿಸಿದ. ಆರು–ಸೊನ್ನೆಯ ಸೋಲು. ಆರನೆಯ ಗೋಲಿಗೆ ಕೋಚು ಹಾಕಿದ ಕೂಗಿಗೆ ಹಲ್ಲುಸೆಟ್ಟು ಮೈಕಿನ ಮೇಲೆ ಬಿದ್ದು ಎರಡಾಯಿತು.

"ಒಂದು ಸಹಿ ಹಾಕಿದ್ರೆ ಕೈ ಸವೀತಿತ್ತೇನೆ?" ಎಂದಳು ಅಕ್ಕ, ಮನೆಗೆ ಬಂದ ದಿನ.

"ನನ್ನ ಹೆಬ್ಬೆಟ್ಟು ಇರೋದು ಗುಂಡಿ ಒತ್ತೋಕೆ ಕಣಕ್ಕ. ಅವರ ಕಾಗದಕ್ಕೆ ಒತ್ತೋಕಲ್ಲ."

ಅಕ್ಕ ಮಗ್ಗುಲು ಬದಲಿಸಿದಳು. "ಸರಿ, ಆಡ್ಕೋ. ಸದ್ದು ಬೇಡ."

ಮುಂದಿನ ವರ್ಷದ ಆನ್‌ಲೈನ್ ಸುತ್ತುಗಳಲ್ಲಿ ಹಲ್ಲಕ್ಕ ಮೊದಲನೆಯವಳು. ಆದರೂ ಆಯ್ಕೆಯ ಪತ್ರ ಬರಲಿಲ್ಲ. ಪತ್ರದ ಬದಲು ಒಂದು ಬೆಳಿಗ್ಗೆ ಕೋಚೇ ಬಂದರು, ಕ್ಲಿನಿಕ್ಕಿಗೆ. ಬೇರೆ ಎರಡು ಕಡೆ ಕಟ್ಟಿಸಿದ ಸೆಟ್ಟುಗಳೂ ಸಿಳ್ಳೆ ಹೊಡೆದಿದ್ದವು. ಇಲ್ಲಿ ಕಟ್ಟುವವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಡಾಕ್ಟರು ಅಚ್ಚಿನ ಲೇಪ ತುಂಬಿದ ತಟ್ಟೆಯನ್ನು ಅವರ ಬಾಯೊಳಗೆ ಒತ್ತಿ, "ಮೂರು ನಿಮಿಷ, ಮಾತಾಡ್ಬೇಡಿ. ಹಲ್ಲಕ್ಕ, ಸ್ವಲ್ಪ ನೋಡ್ಕೋ" ಎಂದು ಪಕ್ಕದ ಕೋಣೆಗೆ ಹೋದರು.

ಹಲ್ಲಕ್ಕ ಬಂದು ತಟ್ಟೆಗೆ ಬೆರಳು ಕೊಟ್ಟು ನಿಂತಳು. ಕೋಚಿನ ಕಣ್ಣುಗಳು ಎರಡರಷ್ಟು ಅಗಲವಾದವು.

"ನಮಸ್ಕಾರ ಸಾರ್. ಹೋದ ವರ್ಷ ನೀವು ಮಾತಾಡಿದ್ರಿ, ಈಗ ಮೂರು ನಿಮಿಷ ನಂದು. ಪಟ್ಟೀಲಿ ಮೊದಲನೇ ಹೆಸರು ನಂದು, ಕುರ್ಚಿ ನಂದು. ಕರೆದ್ರೆ ಬರ್ತೀನಿ, ಹೆಡ್‌ಫೋನೂ ಹಾಕ್ಕೋತೀನಿ. ವೈರು ಮಾತ್ರ ಜೇಬಲ್ಲೇ. ಕ್ಷಮಾಪಣೆ ಗಿಮಾಪಣೆ ಇಲ್ಲ. ನಿಮ್ಮ ಹಲ್ಲು ಚೆನ್ನಾಗೇ ಕಟ್ಟಿಕೊಡ್ತೀನಿ, ಅದು ಬೇರೆ ವಿಷಯ. ಕರೆಯದಿದ್ರೂ ಕಟ್ಟಿಕೊಡ್ತೀನಿ. ಆದ್ರೆ ಯಾಕೆ ಕರೀಲಿಲ್ಲ ಅಂತ ಹೋದ ಸಲದ ಪತ್ರಕರ್ತರಿಗೇ ಹೇಳ್ಬೇಕಾಗುತ್ತೆ. ಏನಂತೀರಿ?"

ಕೋಚಿನ ಗಂಟಲಲ್ಲಿ ಏನೋ ಗುರುಗುಟ್ಟಿತು. ಅವರು ಬಲವಾಗಿ ಇಲ್ಲವೆಂದು ತಲೆಯಾಡಿಸಲು ಹೊರಟರು. ಹಲ್ಲಕ್ಕ ಮೆಲ್ಲಗೆ ಅವರ ಗದ್ದ ಹಿಡಿದಳು.

"ಅಲ್ಲಾಡಬೇಡಿ ಸಾರ್. ಅಲ್ಲಾಡಿದ್ದಕ್ಕೇ ಆ ಸಿಳ್ಳೆ."