ಖಂಡೇಪೂಜೆಗೆ ಕೂತ ವಿಮಾನ

ನಮ್ಮ ವಂಶದಲ್ಲಿ ಬಿ.ಎ. ಆದವನು ನಾನೇ ಮೊದಲಿಗ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ. ನಾನು ಮಠದ ಪ್ರಸಾದ ಉಂಡು ಧಾರವಾಡದಲ್ಲಿ ಓದಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಗ ಯುದ್ಧ ಮುಗಿದಿತ್ತು. ನಾನು ಪಾಸಾದದ್ದು ಕೇಳಿ ಸವಣೂರಿನ ಗೆಳೆಯ ಉಡುಗೊರೆ ತಂದ. ಅವರದು ವೀಳ್ಯದೆಲೆ ವ್ಯಾಪಾರದ ಮನೆತನ. ಇವನೊಬ್ಬ ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ. ಎಲೆಯ ಪೆಂಡಿಯೊಳಗಿಂದ ತೆಗೆದದ್ದು ಗೇಣುದ್ದವೂ ಇಲ್ಲದ ಎರಕದ ಮಾದರಿ ವಿಮಾನ. ಹಡಗಿನಿಂದ ಹಾರಿ, ಮೂತಿ ಕೆಳಗೆ ಮಾಡಿ ಧುಮುಕಿ, ಬಾಂಬು ಹಾಕುವ ಜಾತಿಯದು. ಅಮೇರಿಕದ ನಾವಿಕನೊಬ್ಬ ಕೊಟ್ಟಿದ್ದನಂತೆ.

“ನಿನ್ನ ಟೇಬಲ್ ಮ್ಯಾಲ ಇಡು,” ಅಂದ. ನನಗಿನ್ನೂ ನೌಕರಿಯೂ ಇರಲಿಲ್ಲ, ಟೇಬಲ್ಲೂ ಇರಲಿಲ್ಲ.

ಶಿಗ್ಗಾಂವಿ ಹತ್ತಿರದ ನಮ್ಮೂರಲ್ಲಿ ಖಂಡೇಪೂಜೆಯ ದಿನ ಅವರವರ ಕೆಲಸದ ಆಯುಧ ದೇವರ ಮುಂದೆ ಇಡಬೇಕು. ಮರುದಿನ, ಬಂಗಾರವೆಂದು ಬನ್ನಿ ಎಲೆ ಹಂಚುವ ಹಬ್ಬದ ತನಕ, ಮುಟ್ಟುವಂತಿಲ್ಲ.

“ಅಪ್ಪಂದು ಬಿತ್ತೂ ಕೂರಿಗಿ, ಅಣ್ಣಂದು ಅಂಗಡಿ ತಕ್ಕಡಿ. ನಿಂದೇನು?” ಅಂದಳು ಅವ್ವ.

“ಪದವಿ ಕಾಗದ ಐತಲ್ಲ.”

“ಕಾಗದಕ್ಕ ನೀರು, ಕುಂಕುಮ ಹಾಕಿದ್ರ ನಿನ್ನ ಬಿ.ಎ. ಅಳಿಸಿ ಹೋಕ್ಕೈತಿ. ಕಬ್ಬಿಣದ್ದು ಕೊಡು.”

ತಾನೇ ಹುಡುಕಿ, ವಿಮಾನಕ್ಕೆ ಮೂರು ಬೆರಳ ವಿಭೂತಿ ಎಳೆದು ಕೂಡ್ರಿಸಿದಳು.

ಅವತ್ತೇ ಸಂಜೆ ಹಿರೇಕೆರೂರಿನ ಹತ್ತಿ ವ್ಯಾಪಾರಿಯೊಬ್ಬರು ವರ ನೋಡಲು ಬಂದರು. ಅವರ ಮಗಳನ್ನು ನಾನು ಹಾನಗಲ್ಲಿನ ಮದುವೆಯೊಂದರಲ್ಲಿ ನೋಡಿದ್ದೆ. ಅಂದಿನಿಂದ ಬೇರೆ ಹೆಣ್ಣಿನ ಮಾತು ಬಂದರೆ ಎದ್ದು ಹೋಗುತ್ತಿದ್ದೆ.

ಅವರು ದೇವರಿಗೆ ಕೈ ಮುಗಿದು ಕಣ್ಣು ಬಿಟ್ಟರೆ ಎದುರಿಗೆ ವಿಮಾನ. “ಇದು ಯಾರದು?”

“ಸಣ್ಣವಂದ್ರಿ,” ಅಂದಳು ಅವ್ವ.

“ಏನ್ ತಮ್ಮಾ, ರೆಕ್ಕಿಗೆ ಜರಡಿ ಹಂಗ ತೂತ ಯಾಕ?”

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಬಿ.ಎ. ಆದವನಿಗೆ ಹಾಗನ್ನಲು ಬಾಯಿ ಬರಬೇಕಲ್ಲ. “ಧುಮುಕೂ ಮುಂದ ವೇಗ ತಡೀತಾವ್ರಿ.”

“ಅಂದ್ರ ಬೀಳೂದ ಇದರ ಕೆಲಸ.”

“ಬಿದ್ದಂಗ ಮಾಡಿ ಏಳೂದ್ರಿ.”

“ಏಳಲಿಲ್ಲಂದ್ರ?”

“ಕೆಳಗ ಸಮುದ್ರ ಇರತೈತ್ರಿ,” ಅಂದ ಅಣ್ಣ, ಸಹಾಯ ಮಾಡುವವನಂತೆ.

ಅವರು ಅಪ್ಪನ ಕಡೆ ತಿರುಗಿದರು. “ಹುಡುಗ ಚಲೋ ಅದಾನ್ರಿ. ಆದ್ರ ಮಗಳನ್ನ ಗಾಳಿಗೆ ಕೊಡಾಕ ಆಗಂಗಿಲ್ಲ.”

“ಅಂವ ವಿಮಾನ ಹತ್ತೇ ಇಲ್ರಿ. ಬಿ.ಎ. ಆಗ್ಯಾನ.”

“ಮತ್ತ ದೇವರ ಮುಂದ ಸುಳ್ಳು ಆಯುಧ ಇಟ್ಟೀರೇನು?”

ಇದಕ್ಕೆ ಹೌದೆಂದರೆ ಪಾಪ, ಇಲ್ಲವೆಂದರೆ ಮದುವೆ ಇಲ್ಲ. ಅಪ್ಪ ಕೆಮ್ಮಿದ. ಹಬ್ಬ ಬಿಟ್ಟು ಹೋಗಬಾರದೆಂದು ಅವರು ಅಂದು ನಮ್ಮಲ್ಲೇ ಉಳಿದರು.

ಮರುದಿನ ಆಯುಧ ಎತ್ತಿ ಶಾಸ್ತ್ರಕ್ಕೆ ಸ್ವಲ್ಪ ಕೆಲಸ ಮಾಡಬೇಕು. ಅಪ್ಪ ಕೂರಿಗೆಯಿಂದ ಒಂದು ಸಾಲು ಎಳೆದು ಬಂದ. ಅಣ್ಣ ಜೋಳ ತೂಗಿದ. ಎಲ್ಲರೂ ನನ್ನ ಕಡೆ ನೋಡಿದರು. ವ್ಯಾಪಾರಿ ತಲೆಯ ರುಮಾಲು ಒತ್ತಿ ಹಿಡಿದುಕೊಂಡು ಅಂಗಳ ಬಿಟ್ಟು ಪಡಸಾಲೆಗೆ ಸರಿದರು.

ನಾನು ವಿಮಾನ ಎತ್ತಿಕೊಂಡು ಕಟ್ಟೆಯ ಮೇಲೆ ಕೂತೆ. ಮಾಸ್ತರಿಕೆಗೆ ಅರ್ಜಿ ಬರೆಯುವುದಿತ್ತು. ಗಾಳಿಗೆ ಕಾಗದ ಏಳುತ್ತಿತ್ತು. ಅದರ ಮೇಲೆ ವಿಮಾನ ಇಟ್ಟು ಬರೆಯತೊಡಗಿದೆ.

ವ್ಯಾಪಾರಿ ಮೆಲ್ಲಗೆ ಬಂದು ವಿಮಾನ ಎತ್ತಿದರು. ಕಾಗದ ಹಾರಿತು. ಅದನ್ನು ತಂದು ಮೇಲೆ ವಿಮಾನ ಇಟ್ಟರು, ಕಾಗದ ನಿಂತಿತು. ಇನ್ನೊಮ್ಮೆ ಎತ್ತಿ ನೋಡಿದರು.

“ಹಂಗಾರ ಇದು ಹಾರೂದಲ್ಲ, ಹಾರೂದನ್ನ ಹಿಡಿಯೂದು.”

“ಹೌದ್ರಿ.”

“ನಿನ್ನೆ ಹೇಳಾಕ ಏನಾಗಿತ್ತು? ಇಷ್ಟು ಓದಿ,” ಅಂದು ನನ್ನ ಕೈಗೆ ಬನ್ನಿ ಎಲೆ ಇಟ್ಟರು. “ಬಂಗಾರದಂಗ ಇರೂಣು.”

ಮಗಳನ್ನು ಕೊಟ್ಟರು. ಆದರೆ ಹಿರೇಕೆರೂರಿನ ಪೇಟೆಯಲ್ಲಿ ನನ್ನ ಬಿ.ಎ. ಸುದ್ದಿ ಅವರು ಒಮ್ಮೆಯೂ ಎತ್ತಲಿಲ್ಲ. ಅಳಿಯ ಕಾಗದದ ಮೇಲೆ ವಿಮಾನ ಇಳಿಸುತ್ತಾನೆ ಎಂದೇ ಹೇಳಿಕೊಂಡು ತಿರುಗಿದರು.